ನಡಿಗೆಯ ವೇಗ

"ಅವರು ಇದೆ ಅನ್ನುತ್ತಾರೆ. ನಾನು ನೋಡಿದರೆ ಇಲ್ಲ. ಹಾಗಾದರೆ ಅದು ಇದೆಯೋ, ಇಲ್ಲವೋ?"

ಈ ಪ್ರಶ್ನೆಯನ್ನು ಯಾವುದಾದರೂ ಮಠದ ಜಗಲಿಯಲ್ಲಿ ಕೇಳಿದ್ದರೆ ಅದಕ್ಕೊಂದು ಭಾಷ್ಯವೇ ಹುಟ್ಟಿಕೊಳ್ಳುತ್ತಿತ್ತು. ಚಂದ್ರಕಲಾ ಕೇಳಿದ್ದು ಒಂದು ಕಾರಿನ ಬಾನೆಟ್ಟಿನೊಳಗೆ ತಲೆಯಿಟ್ಟುಕೊಂಡು. ಕೇಳಿಸಿಕೊಂಡವರು ಬಸವಣ್ಯಪ್ಪ ಮೇಸ್ತ್ರಿ. ನಲವತ್ತು ವರ್ಷ ಎಂಜಿನ್ ಬಿಚ್ಚಿದವರು; ಈಗ ಕಣ್ಣು ಮಂಜಾಗಿರುವುದರಿಂದ ಸ್ಟೂಲಿನ ಮೇಲೆ ಕೂತು ಬಿಚ್ಚಿಸುತ್ತಾರೆ. ಚಂದ್ರಕಲಾ ಡಿಪ್ಲೊಮಾ ಮುಗಿಸಿ, ಮೂವತ್ತು ದಾಟಿದ ಮೇಲೆ ಅವರ ಬಳಿ ಕೆಲಸ ಕಲಿಯಲು ಬಂದವಳು. ಕಾರಿನ ಯಜಮಾನರು ಗಾಡಿ ಮುಗ್ಗರಿಸುತ್ತದೆ ಎಂಬ ಅದೇ ದೂರು ಹೊತ್ತು ಮೂರನೆಯ ಸಲ ಬಂದಿದ್ದರು. ಎದುರಿನ ಹೋಟೆಲಿನಲ್ಲಿ ಕಾಫಿ ಮುಂದಿಟ್ಟುಕೊಂಡು ಈ ಕಡೆಗೇ ನೋಡುತ್ತಿದ್ದರು.

"ಅವರಿಗೆ ಏನು ಹೇಳೋಳಿದ್ದೀ?" ಎಂದು ಮೇಸ್ತ್ರಿ ಕೇಳಿದರು.

"'ಏನೂ ಇಲ್ಲ ಸರ್, ತಗೊಂಡು ಹೋಗಿ' ಅಂತ. ಸ್ಕ್ಯಾನರ್ ಹಾಕಿದೆ. ಹೈವೇಗೆ ಹೋಗಿ ಬಂದೆ. ಗಾಡಿ ಬೆಣ್ಣೆ ಇದ್ದ ಹಾಗಿದೆ. ಪಾಪ, ಅವರಿಗೆ ವಯಸ್ಸಾಯಿತು, ಮೇಸ್ತ್ರಿ."

"ನನಗೂ ಆಯಿತು."

ಚಂದ್ರಕಲಾ ಬಾನೆಟ್ಟಿನಿಂದ ತಲೆ ಹೊರಗೆ ತೆಗೆದಳು.

"ಕೀ ಆಮೇಲೆ ಕೊಡುವೆಯಂತೆ. ಮೊದಲು ಇದನ್ನು ಕೇಳು," ಎಂದರು ಮೇಸ್ತ್ರಿ.

ಒಂದು ಊರಿನಲ್ಲಿ ಒಬ್ಬ ಡ್ರೈವರ್ ಇದ್ದ. ಅವನು ಓಡಿಸುತ್ತಿದ್ದದ್ದು ಮುಕ್ತಿ ವಾಹನ. ಸತ್ತವರನ್ನು ಮನೆಯಿಂದ ರುದ್ರಭೂಮಿಗೆ ಒಯ್ಯುವ ಪೆಟ್ರೋಲ್ ವ್ಯಾನು. ಊರಿನ ಒಂದು ಸೇವಾ ಸಮಿತಿ ಅದನ್ನು ನಡೆಸುತ್ತಿತ್ತು. ಊರಿಗೆಲ್ಲ ಅದೊಂದೇ ವ್ಯಾನು, ಅವನೊಬ್ಬನೇ ಡ್ರೈವರ್.

ಹನ್ನೊಂದು ವರ್ಷದಲ್ಲಿ ಅವನು ಹೋಗದ ಬೀದಿಯಿರಲಿಲ್ಲ. ಆದರೆ ಯಾವ ಮನೆಯವರೂ ಅವನಿಗೆ 'ಮತ್ತೆ ಬನ್ನಿ' ಎಂದು ಹೇಳಿದ್ದಿಲ್ಲ. ಹೇಳುವ ಮಾತೂ ಅಲ್ಲ. ಹೋಟೆಲಿಗೆ ಒಳಗೆ ಬರಬೇಡ ಎಂದು ಅವನಿಗೆ ಯಾರೂ ಅಂದಿರಲಿಲ್ಲ. ಅವನು ಬರುವುದು ಕಂಡೊಡನೆ ಚಹಾದ ಪೇಪರ್ ಕಪ್ಪು ತಾನಾಗಿಯೇ ಹೊರಗೆ ಬರುತ್ತಿತ್ತು, ಅಷ್ಟೇ. ಹೆಣ ಸುಟ್ಟ ಮೇಲೆ ಜನ ಸ್ನಾನಕ್ಕೆ ಕೆರೆಯ ಕಡೆ ಹೋಗುತ್ತಿದ್ದರು. ಅವನು ನಲ್ಲಿಯ ಹತ್ತಿರ ನಿಂತು ವ್ಯಾನು ತೊಳೆಯುತ್ತಿದ್ದ.

ವ್ಯಾನಿನಲ್ಲಿ ಅವನ ಪಕ್ಕದ ಸೀಟು ಯಾವಾಗಲೂ ಖಾಲಿ. ನೆಂಟರು ಹಿಂದೆ ಹೆಣದ ಜೊತೆ ಕೂರುತ್ತಿದ್ದರು, ಇಲ್ಲವೇ ಮುಂದೆ ನಡೆಯುತ್ತಿದ್ದರು, ಇಲ್ಲವೇ ಬೈಕಿನಲ್ಲಿ ಬರುತ್ತಿದ್ದರು. ಆ ಸೀಟಿನಲ್ಲಿ ಕೂತರೆ ಮುಂದಿನ ಸರದಿ ತಮ್ಮದೇ ಎಂದು ಊರಿನಲ್ಲಿ ಒಂದು ನಂಬಿಕೆ. ಅಲ್ಲಿ ಅವನ ಊಟದ ಡಬ್ಬಿ ಇರುತ್ತಿತ್ತು. ಒಂದು ಟವೆಲ್ ಇರುತ್ತಿತ್ತು.

ಆ ಊರಿನ ಪದ್ಧತಿಯೊಂದನ್ನು ನೀನು ತಿಳಿಯಬೇಕು. ಮನೆಯಿಂದ ರುದ್ರಭೂಮಿಯ ಗೇಟಿನವರೆಗೆ ವ್ಯಾನು ನಡಿಗೆಯ ವೇಗದಲ್ಲಿಯೇ ಹೋಗಬೇಕು. ಎಲ್ಲರಿಗಿಂತ ಮುಂದೆ ಹಲಗೆ ಬಾರಿಸುವವರು. ಅವರ ಹಿಂದೆ ಗಂಡಸರು. ಆಮೇಲೆ ಬೆಂಕಿಯ ಮಡಕೆ ಹಿಡಿದ ಮಗ. ಅವನ ಬೆನ್ನಿಗೇ ವ್ಯಾನು. ಅಳುತ್ತ ನಡೆಯುವವನ ವೇಗವೇ ವ್ಯಾನಿನ ವೇಗ. ಹಾರ್ನ್ ಮಾಡುವಂತಿಲ್ಲ, ಹಿಂದಿಕ್ಕುವಂತಿಲ್ಲ. ಹನ್ನೊಂದು ವರ್ಷ ಆ ಡ್ರೈವರನ ಬಲಗಾಲು ಆಕ್ಸಿಲರೇಟರಿನ ಮೇಲೆ ಒಂದೇ ಜಾಗದಲ್ಲಿ ನಿಂತಿತ್ತು. ಒತ್ತಿದ್ದೂ ಅಲ್ಲ, ಬಿಟ್ಟಿದ್ದೂ ಅಲ್ಲ.

ಒಂದು ದಿನ ವ್ಯಾನು ಮುಗ್ಗರಿಸಿತು. ಹೆಣದ ಮೇಲಿನ ಹಾರ ಜಾರಿತು. ಯಾರೋ ಅದನ್ನು ಎತ್ತಿಟ್ಟರು. ಮರುವಾರ ಮತ್ತೆ ಹಾಗೇ ಆಯಿತು. ಮೂರನೆಯ ಸಲ ವ್ಯಾನು ಒಮ್ಮೆ ಉಸಿರು ಹಿಡಿದು, ತಟ್ಟನೆ ಮುಂದಕ್ಕೆ ಹಾರಿ, ಬೆಂಕಿ ಹಿಡಿದವನ ಹಿಮ್ಮಡಿಗೆ ತಾಗಿತು. ಮಡಕೆ ಅವನ ಕೈಯಿಂದ ಬಿದ್ದು ನಡುಬೀದಿಯಲ್ಲಿ ಒಡೆಯಿತು. ಅದು ಒಡೆಯಬೇಕಾದ ಜಾಗ ಅದಲ್ಲ.

ಜನ ಡ್ರೈವರನ ಮೇಲೆ ಏರಿಹೋದರು. ಸಮಿತಿಯ ಕಾರ್ಯದರ್ಶಿ ಅವನನ್ನು ಕರೆಸಿ, "ಕುಡಿದಿದ್ಯಾ?" ಎಂದ.

"ಇಲ್ಲ ಸಾರ್. ನಾನು ಕುಡಿಯಲ್ಲ."

ನಿಜವನ್ನೇ ಹೇಳಿದ. ಕುಡಿಯುವುದಕ್ಕೂ ಜೊತೆ ಬೇಕು.

"ಇನ್ನೊಂದು ಸಲ ಹಿಂಗಾದರೆ ಕೀ ಕೊಟ್ಟು ಹೋಗಪ್ಪ. ನಾವು ಬೇರೆಯವರನ್ನು ನೋಡ್ಕೋತೀವಿ."

ಹನ್ನೊಂದು ವರ್ಷ ಹೆಣ ಸಾಗಿಸಿದವನ ಕೈಗೆ ಆ ಊರಿನಲ್ಲಿ ಬೇರೆ ಯಾರೂ ಸ್ಟೇರಿಂಗ್ ಕೊಡುವುದಿಲ್ಲ. ಮದುವೆಯ ಗಾಡಿಗೆ ಅವನನ್ನು ಕರೆಯುತ್ತಾರೆಯೇ? ಸ್ಕೂಲ್ ಮಕ್ಕಳನ್ನು ಅವನ ಜೊತೆ ಕಳಿಸುತ್ತಾರೆಯೇ? ಈ ವ್ಯಾನು ಹೋದರೆ ಅವನಿಗೆ ಊರೇ ಹೋದಂತೆ. ಅವನು ಒಬ್ಬ ಮೆಕ್ಯಾನಿಕ್ಕಿನ ಬಳಿಗೆ ಹೋದ.

ಮೆಕ್ಯಾನಿಕ್ ಕೆಟ್ಟವನಲ್ಲ. ಆದರೆ ವ್ಯಾನನ್ನು ಗ್ಯಾರೇಜಿನ ಒಳಗೆ ಬಿಡಲಿಲ್ಲ. ಚರಂಡಿಯ ಆಚೆ ನಿಲ್ಲಿಸು, ಬೇರೆ ಗಿರಾಕಿಗಳು ಇರುತ್ತಾರೆ ಎಂದ. ಡ್ರೈವರನನ್ನು ಅಲ್ಲೇ ಇರಲು ಹೇಳಿ, ತಾನೊಬ್ಬನೇ ವ್ಯಾನು ಹತ್ತಿ ಬೈಪಾಸಿನವರೆಗೆ ಹೋಗಿ ಬಂದ. ಹೋಗಿ ಬರಲು ಹತ್ತು ನಿಮಿಷ ಹಿಡಿಯಿತು. ಆಮೇಲೆ ಕೈಕಾಲು ತೊಳೆಯಲು ಹತ್ತು ನಿಮಿಷ.

"ಏನೂ ಇಲ್ಲ," ಎಂದ.

"ಇದೆ ಅಣ್ಣ. ಮೆಲ್ಲಗೆ ಹೋಗುವಾಗ ಬರ್ತದೆ."

"ಮೆಲ್ಲಗೂ ಹೋಗಿ ನೋಡ್ದೆ. ಮೂವತ್ತರಲ್ಲಿ."

"ಮೂವತ್ತು ಮೆಲ್ಲಗೆ ಅಲ್ಲ ಅಣ್ಣ."

ಮೆಕ್ಯಾನಿಕ್ ನಕ್ಕ. "ಯಾಕೆ, ಹಿಂದೆ ಮಲಗಿದವರು ಯಾರಾದರೂ ಕಂಪ್ಲೇಂಟ್ ಕೊಟ್ಟರಾ?"

"ಅವರು ಕೊಡಲ್ಲ ಅಂತಾನೇ ನಾನು ಕೊಡ್ತಿರೋದು," ಎಂದ ಡ್ರೈವರ್.

ಎರಡನೆಯ ಸಲ ಬಂದಾಗ ಮೆಕ್ಯಾನಿಕ್ ಪ್ಲಗ್ ಬದಲಿಸಿದ, ಫಿಲ್ಟರ್ ಬದಲಿಸಿದ, ಸ್ಕ್ಯಾನರ್ ಹಾಕಿದ. ಸ್ಕ್ಯಾನರಿನಲ್ಲಿ ಯಾವ ತಪ್ಪೂ ಬರಲಿಲ್ಲ. ಮತ್ತೆ ಬೈಪಾಸಿಗೆ ಹೋಗಿ ಬಂದು, ಮತ್ತೆ ಕೈಕಾಲು ತೊಳೆದು, ಏನೂ ಇಲ್ಲ ಎಂದ.

ಮೂರನೆಯ ಸಲ ಡ್ರೈವರ್ ದೂರು ಹೇಳಲಿಲ್ಲ. ಒಂದು ಬೇಡಿಕೆಯಿಟ್ಟ. "ಒಂದೇ ಒಂದು ಸಲ ನನ್ನ ಪಕ್ಕ ಕೂತ್ಕೊಂಡು ಬನ್ನಿ ಅಣ್ಣ. ನಾನು ಓಡಿಸ್ತೀನಿ, ನೀವು ನೋಡಿ."

"ಆ ಸೀಟಲ್ಲಾ? ನನಗೆ ಹೆಂಡತಿ ಮಕ್ಕಳು ಇದ್ದಾರಪ್ಪ. ಮನೆಯೊಳಗೆ ಬಿಟ್ಕೊಳಲ್ಲ ನನ್ನ."

"ತಲೆ ಮೇಲೆ ಎರಡು ಚೊಂಬು ನೀರು ಹಾಕ್ಕೊಂಡು ಹೋಗಿ."

"ಅದೆಲ್ಲ ಬೇಡ. ಗಾಡಿಯಲ್ಲಿ ಇಲ್ಲ ಅಂದಮೇಲೆ ನಿನ್ನ ಕಾಲಲ್ಲಿರಬೇಕು. ಕಾಲು ನಡುಗ್ತಿರಬೇಕು. ಡಾಕ್ಟರಿಗೆ ತೋರಿಸು."

ಡ್ರೈವರ್ ಡಾಕ್ಟರ ಬಳಿಗೂ ಹೋದ. ಅವರು ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಕಾಲು ಎಷ್ಟು ಹಾರಬೇಕೋ ಅಷ್ಟೇ ಹಾರಿತು. ಏನೂ ಇಲ್ಲ ಎಂದರು. ಇತ್ತ ಜನ ಬೇರೆಯೇ ಮಾತಾಡತೊಡಗಿದ್ದರು. ಆಸೆ ತೀರದೆ ಸತ್ತವರು ಯಾರೋ ವ್ಯಾನನ್ನು ಹಿಡಿದು ಎಳೆಯುತ್ತಿದ್ದಾರೆ ಎಂಬುದು ಅವರ ತೀರ್ಮಾನ. ಸಮಿತಿಯವರು ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿ, ಬೂದುಗುಂಬಳಕಾಯಿ ಒಡೆಸಿದರು.

ಹೀಗೆ, ಕಾಲಿನಲ್ಲಿದೆ ಎಂದ ಮೆಕ್ಯಾನಿಕ್. ಕಾಲಿನಲ್ಲಿಲ್ಲ ಎಂದರು ಡಾಕ್ಟರು. ಹೆಣದಲ್ಲಿದೆ ಎಂದರು ಊರವರು. ಅದು ಎಲ್ಲಿದೆ ಎಂಬುದು ಡ್ರೈವರನ ಬಲ ಅಂಗಾಲಿಗೆ ಮಾತ್ರ ಗೊತ್ತಿತ್ತು. ಅಂಗಾಲಿನ ಮಾತನ್ನು ಯಾರು ಕೇಳುತ್ತಾರೆ? ಅವನು ಹೇಳುವುದನ್ನು ನಿಲ್ಲಿಸಿದ. ಎಲ್ಲ ಕಡೆಯೂ ಹೇಳಿ ಎಲ್ಲ ಕಡೆಯೂ ಇಲ್ಲವೆನಿಸಿಕೊಂಡ ಮೇಲೆ ಮನುಷ್ಯ ಹೇಳುವುದನ್ನು ನಿಲ್ಲಿಸುತ್ತಾನೆ. ಕೇಳಬೇಕಾದವರು ಅದನ್ನು ವಾಸಿಯಾಯಿತು ಎಂದು ತಿಳಿಯುತ್ತಾರೆ. ಮೆಕ್ಯಾನಿಕ್ಕೂ ಹಾಗೇ ತಿಳಿದ.

ಚಂದ್ರಕಲಾ ತಡೆಯಲಾರದೆ, "ಥ್ರಾಟಲ್ ಸೆನ್ಸರ್ ನೋಡಲಿಲ್ಲವಾ ಅವನು?" ಎಂದಳು.

"ಸ್ಕ್ಯಾನರಿನಲ್ಲಿ ನೋಡಿದ. ನಿನ್ನ ಹಾಗೇ," ಎಂದರು ಮೇಸ್ತ್ರಿ.

ಆಮೇಲೆ ಮೆಕ್ಯಾನಿಕ್ಕಿನ ತಾಯಿ ತೀರಿಕೊಂಡಳು.

ಬೇರೆ ವ್ಯಾನು ಇರಲಿಲ್ಲವಲ್ಲ, ಅದೇ ಬಂತು. ತಾಯಿಯನ್ನು ಹಿಂದೆ ಮಲಗಿಸಿದರು. ಹೆಂಗಸರು ಬಾಗಿಲಲ್ಲೇ ಉಳಿದರು, ಗಂಡಸರೆಲ್ಲ ಮುಂದೆ ನಡೆದರು; ಹಿಂದೆ ಹೆಣದ ಜೊತೆ ಯಾರೂ ಕೂರಲಿಲ್ಲ. ಮೆಕ್ಯಾನಿಕ್ ಒದ್ದೆ ಪಂಚೆಯಲ್ಲಿ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಬೆಂಕಿ ಹಿಡಿದವನು ದಾರಿಯಲ್ಲಿ ಹಿಂತಿರುಗಿ ನೋಡಬಾರದು. ಅದೂ ಆ ಊರಿನ ಕಟ್ಟಳೆ.

ಮುಂದೆ ಹಲಗೆಯ ಸದ್ದು. ಬೆನ್ನ ಹಿಂದೆ ಎಂಜಿನ್ನಿನ ಸದ್ದು. ಆ ವ್ಯಾನು ಆ ವೇಗದಲ್ಲಿ ಹೋಗುವುದನ್ನು ಅವನು ಕೇಳಿದ್ದು ಅದೇ ಮೊದಲು. ಸ್ವಲ್ಪ ದೂರ ಸದ್ದು ಸಮನಾಗಿ ಬಂತು. ಆಮೇಲೆ ಒಂದು ತೊಡಕು. ಗಂಟಲಿಗೆ ಏನೋ ಸಿಕ್ಕಿಕೊಂಡಂತೆ. ಒಡನೆ ಒಂದು ಎಗರಾಟ. ಮತ್ತೆ ಸಮ. ಮತ್ತೆ ತೊಡಕು. ಅವನಿಗೆ ತಾಯಿಯ ಮುಖ ನೆನಪಾಗಬೇಕಿತ್ತು. ನೆನಪಾದದ್ದು ಗಾಳಿ ಒಳಗೆಳೆಯುವ ನಳಿಗೆ. ನಾಚಿಕೆಯಾಯಿತು. ಆದರೆ ಏನು ಮಾಡುತ್ತಾನೆ, ಕಿವಿಗೆ ಸೂತಕವಿಲ್ಲ. ನಡುಗುವ ಕಾಲಾದರೆ ಹೇಗೆಂದರೆ ಹಾಗೆ ನಡುಗುತ್ತದೆ. ಇದು ಪ್ರತಿ ಸಲವೂ ಸದ್ದು ಒಂದೇ ಮಟ್ಟಕ್ಕೆ ಬಂದಾಗ ಬರುತ್ತಿತ್ತು. ಇದು ಕಾಲಲ್ಲ, ಗಾಡಿ ಎಂದು ಅವನಿಗೆ ಹತ್ತು ಹೆಜ್ಜೆಯೊಳಗೆ ತಿಳಿಯಿತು. ತಿರುಗಿ ಹೇಳುವಂತಿರಲಿಲ್ಲ.

ಒಮ್ಮೆ ಬಂಪರು ಅವನ ಪಂಚೆಯ ಅಂಚಿಗೆ ತಾಗಿತು.

ಆಮೇಲೆ ಎಂಜಿನ್ನಿನ ಸದ್ದು ನಿಂತಿತು.

ಮೆಕ್ಯಾನಿಕ್ ನಡೆಯುತ್ತಲೇ ಇದ್ದ. ಹಲಗೆಯವರು ಬಾರಿಸುತ್ತಲೇ ಇದ್ದರು. ವ್ಯಾನು ಹಿಂದೆ ಉಳಿಯಲಿಲ್ಲ, ಬರುತ್ತಲೇ ಇತ್ತು. ಜಲ್ಲಿಯ ಮೇಲೆ ಟೈರು ಉರುಳುವ ಸದ್ದು ಕೇಳುತ್ತಿತ್ತು. ಅದರ ಜೊತೆಗೆ ಒಬ್ಬ ಮನುಷ್ಯನ ಏದುಸಿರು. ಬಾಗಿಲು ತೆರೆದು, ಅದರ ಚೌಕಟ್ಟಿಗೆ ಭುಜ ಕೊಟ್ಟು, ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಡ್ರೈವರ್ ವ್ಯಾನನ್ನು ತಳ್ಳುತ್ತಿದ್ದ. ಊರ ಚೌಕದಿಂದ ರುದ್ರಭೂಮಿಯ ಗೇಟಿನವರೆಗೆ ತಳ್ಳಿದ. ಮುಂದೆ ನಡೆಯುತ್ತಿದ್ದವರು ಯಾರೂ ಗಮನಿಸಲಿಲ್ಲ. ಹೆಣದ ಗಾಡಿಯನ್ನು ತಿರುಗಿ ನೋಡುವ ಅಭ್ಯಾಸ ಯಾರಿಗೂ ಇರುವುದಿಲ್ಲ. ಗೇಟಿನಲ್ಲಿ ಹೆಣ ಇಳಿಸುವಾಗ ಮೆಕ್ಯಾನಿಕ್ ಅವನನ್ನು ನೋಡಿದ. ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಭುಜದ ಮೇಲೆ ಬಾಗಿಲಿನ ಅಂಚಿನ ಬರೆ.

ಮೂರನೆಯ ದಿನ ಮೆಕ್ಯಾನಿಕ್ ಡ್ರೈವರನಿಗೆ ಹೇಳಿ ಕಳಿಸಿದ.

ಇಲ್ಲಿ ನೀನು ಅವನನ್ನು ದೊಡ್ಡವನನ್ನಾಗಿ ಮಾಡಬೇಡ. ಅವನಿಗೆ ಸೂತಕ. ಹನ್ನೊಂದು ದಿನ ಅವನನ್ನು ಯಾರೂ ಮುಟ್ಟುವಂತಿಲ್ಲ, ಅವನು ಯಾರ ಮನೆಗೂ ಹೋಗುವಂತಿಲ್ಲ. ಗ್ಯಾರೇಜಿಗೆ ಗಿರಾಕಿಗಳು ಬರುತ್ತಿರಲಿಲ್ಲ. ಹೋಟೆಲಿನವನು ಅವನಿಗೂ ಕಪ್ಪನ್ನು ಹೊರಗೇ ತಂದುಕೊಟ್ಟಿದ್ದ. ಕಳೆದುಕೊಳ್ಳುವುದು ಏನೂ ಇಲ್ಲದ ಹನ್ನೊಂದು ದಿನ. ಇನ್ನೊಬ್ಬನ ಪಕ್ಕ ಕೂರುವುದು ಅಂಥ ದಿನಗಳಲ್ಲಿ ಸುಲಭ.

ವ್ಯಾನು ಅಭ್ಯಾಸದಂತೆ ಚರಂಡಿಯ ಆಚೆಯೇ ನಿಂತಿತು. ಮೆಕ್ಯಾನಿಕ್ ಒಂದು ಹಳೆಯ ಮೀಟರ್ ಹಿಡಿದುಕೊಂಡು ಅಲ್ಲಿಗೇ ಹೋದ. ಮುಳ್ಳು ಆಡುವ ಮೀಟರ್; ಹೊಸದು ಬಂದ ಮೇಲೆ ಯಾರೂ ಮುಟ್ಟದೆ ಮೂಲೆಯಲ್ಲಿ ಬಿದ್ದಿತ್ತು. ಬಾನೆಟ್ ತೆರೆದು ಒಂದು ಕಡೆ ವೈರು ಸಿಕ್ಕಿಸಿ, ಕಿಟಕಿಯಿಂದ ಒಳಗೆ ಎಳೆದು, ಎಡಗಡೆಯ ಬಾಗಿಲು ತೆರೆದ.

ಡ್ರೈವರ್ ಗಡಿಬಿಡಿಯಲ್ಲಿ ಊಟದ ಡಬ್ಬಿ ಎತ್ತಿಕೊಂಡ. ಎಲ್ಲಿಡಬೇಕೋ ತಿಳಿಯಲಿಲ್ಲ. ಹನ್ನೊಂದು ವರ್ಷದಲ್ಲಿ ಆ ಪ್ರಶ್ನೆಯೇ ಎದ್ದಿರಲಿಲ್ಲ. ಕೊನೆಗೆ ತನ್ನ ತೊಡೆಯ ಮೇಲೆ ಇಟ್ಟುಕೊಂಡ.

"ಅದನ್ನಿಟ್ಕೊಂಡು ಹೆಂಗೆ ಓಡಿಸ್ತೀಯ? ಇಲ್ಲಿ ಕೊಡು," ಎಂದು ಮೆಕ್ಯಾನಿಕ್ ಡಬ್ಬಿಯನ್ನು ಕಾಲಬುಡದಲ್ಲಿಟ್ಟು, ಮೀಟರನ್ನು ಮಡಿಲಲ್ಲಿ ಇಟ್ಟುಕೊಂಡು ಕೂತ. "ನಡಿ. ನಡೆಯೋ ವೇಗದಲ್ಲೇ ಹೋಗು."

"ಮುಂದೆ ಯಾರೂ ನಡೀತಿಲ್ಲವಲ್ಲ ಅಣ್ಣ."

"ಇದ್ದಾರೆ ಅಂದ್ಕೋ."

ಡ್ರೈವರ್ ಕಾಲನ್ನು ಅದರ ಜಾಗದಲ್ಲಿಟ್ಟ. ವ್ಯಾನು ಹೊರಟಿತು. ಮೀಟರಿನ ಮುಳ್ಳು ಸ್ವಲ್ಪ ಮೇಲೇರಿ ನಿಂತಿತು. ನಿಂತದ್ದು ಇದ್ದಕ್ಕಿದ್ದಂತೆ ಸೊನ್ನೆಗೆ ಬಿತ್ತು, ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಎದ್ದಿತು. ಅದೇ ಗಳಿಗೆಯಲ್ಲಿ ವ್ಯಾನು ಮುಗ್ಗರಿಸಿತು.

"ಇದೆ," ಎಂದ ಮೆಕ್ಯಾನಿಕ್.

ಡ್ರೈವರ್ ಬ್ರೇಕ್ ಹಾಕಿದ. ಬೀದಿಯ ನಡುವೆಯೇ ಎಂಜಿನ್ ಆರಿಸಿದ. ಆಮೇಲೆ, "ಇನ್ನೊಂದು ಸಲ ಹೇಳಿ," ಎಂದ.

"ಇದೆ ಕಣಪ್ಪ. ಗಾಡೀಲಿದೆ. ನಿನ್ನ ಕಾಲಲ್ಲಿಲ್ಲ."

ಅವರು ವ್ಯಾನನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದರು. ಮೆಕ್ಯಾನಿಕ್ ಎಂಜಿನ್ನಿನಿಂದ ಬೆಂಕಿಪೊಟ್ಟಣದಷ್ಟು ಅಗಲದ ಒಂದು ಕಪ್ಪು ಡಬ್ಬಿಯನ್ನು ಬಿಚ್ಚಿ ತಂದು ಮತ್ತೆ ಅದೇ ಸೀಟಿನಲ್ಲಿ ಕೂತ.

"ಇದೇನಿದು?" ಎಂದು ಡ್ರೈವರ್ ಕೇಳಿದ.

"ಎಂಜಿನ್ನಿಗೆ ಗಾಳಿ ಹೋಗೋ ನಳಿಗೇಲಿ ಒಂದು ಬಾಗಿಲಿದೆ. ರೂಪಾಯಿ ಬಿಲ್ಲೆ ಥರ ದುಂಡಗೆ. ನೀನು ಆಕ್ಸಿಲರೇಟರ್ ಒತ್ತಿದರೆ ಕೇಬಲ್ ಎಳೆದು ಅದು ತೆರೀತದೆ, ಬಿಟ್ಟರೆ ಮುಚ್ಚುತ್ತೆ. ಎಷ್ಟು ತೆರೆದಿದೆ ಅಂತ ಗೊತ್ತಾದರೆ ತಾನೇ ಎಷ್ಟು ಪೆಟ್ರೋಲ್ ಬಿಡಬೇಕು ಅಂತ ಗೊತ್ತಾಗೋದು? ಪೆಟ್ರೋಲ್ ಬಿಡೋನು ಕಂಪ್ಯೂಟರ್. ಅವನು ಡ್ಯಾಶ್‌ಬೋರ್ಡಿನ ಕೆಳಗೆ ಡಬ್ಬಿಯೊಳಗೆ ಕೂತಿದ್ದಾನೆ. ಅವನಿಗೆ ಬಾಗಿಲು ಕಾಣಲ್ಲ."

"ಮತ್ತೆ?"

"ಅವನಿಗೆ ಹೇಳೋದಕ್ಕೆ ಇದು, ಥ್ರಾಟಲ್ ಸೆನ್ಸರ್." ಮೆಕ್ಯಾನಿಕ್ ಡಬ್ಬಿಯ ಮುಚ್ಚಳವನ್ನು ಚಾಕುವಿನ ಮೊನೆಯಿಂದ ಎಬ್ಬಿಸಿದ. ಒಳಗೆ ಬಳೆಯ ತುಂಡಿನಂತೆ ಬಾಗಿದ ಒಂದು ಕಪ್ಪು ಪಟ್ಟಿ. ಅದರ ಮೇಲೆ ತೆಳ್ಳನೆಯ ಒಂದು ತಗಡಿನ ಬೆರಳು. "ಬಾಗಿಲು ತಿರುಗಿದ ಹಾಗೆ ಈ ಬೆರಳು ಪಟ್ಟಿ ಮೇಲೆ ಜಾರ್ತದೆ. ಪಟ್ಟಿಯ ಒಂದು ತುದಿಗೆ ಐದು ವೋಲ್ಟ್ ಕರೆಂಟ್ ಕೊಟ್ಟಿದ್ದಾರೆ, ಇನ್ನೊಂದು ತುದಿಗೆ ಏನೂ ಇಲ್ಲ. ಬಾಗಿಲು ಮುಚ್ಚಿದ್ದಾಗ ಬೆರಳು ಈ ಕೊನೇಲಿರ್ತದೆ, ಅರ್ಧ ವೋಲ್ಟ್ ಸಿಗುತ್ತೆ. ಪೂರ್ತಿ ತೆರೆದರೆ ಆ ಕೊನೆಗೆ ಹೋಗ್ತದೆ, ನಾಲ್ಕೂವರೆ. ಮಧ್ಯೆ ಎಲ್ಲಿದ್ದರೆ ಅಲ್ಲಿಯ ಲೆಕ್ಕ. ಆ ವೋಲ್ಟನ್ನ ಒಂದು ವೈರು ತಗೊಂಡು ಹೋಗಿ ಕಂಪ್ಯೂಟರಿಗೆ ಹೇಳ್ತದೆ. ಅಷ್ಟೇ ಇದರ ಕೆಲಸ. ಈಗ ಇಲ್ಲಿ ನೋಡು."

ಡ್ರೈವರ್ ಬಾಗಿ ನೋಡಿದ. ಪಟ್ಟಿ ಎಲ್ಲ ಕಡೆಯೂ ಕಪ್ಪಾಗಿ ಹೊಳೆಯುತ್ತಿತ್ತು. ಮುಚ್ಚುವ ತುದಿಯಿಂದ ಸ್ವಲ್ಪವೇ ಈಚೆಗೆ, ಒಂದು ಜೋಳದ ಕಾಳು ಕೂರುವಷ್ಟು ಜಾಗದಲ್ಲಿ ಕಪ್ಪು ಹೋಗಿ ತಳದ ಬಿಳುಪು ಕಾಣುತ್ತಿತ್ತು.

"ಇದು ನಿನ್ನ ಜಾಗ. ಬೆರಳು ಇಲ್ಲಿಗೆ ಬಂದಾಗ ಏನೂ ಸಿಗಲ್ಲ. ಬಾಗಿಲು ಮುಚ್ಚಿದೆ ಅಂದ್ಕೊಂಡು ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸಿಬಿಡ್ತಾನೆ. ಗಾಡಿ ಉಸಿರು ಹಿಡೀತದೆ. ಬೆರಳು ಒಂದು ಕೂದಲೆಳೆ ಸರಿದರೆ ಮತ್ತೆ ಸಿಗ್ತದೆ. ಅಯ್ಯೋ ತೆರೆದಿದೆಯಲ್ಲ ಅಂತ ಒಮ್ಮೆಲೇ ಬಿಡ್ತಾನೆ. ಗಾಡಿ ಎಗರ್ತದೆ."

"ನಾನು ಯಾವತ್ತೂ ಜೋರಾಗಿ ಒತ್ತಿದವನೇ ಅಲ್ಲ ಅಣ್ಣ."

"ಒತ್ತಿದ್ದಕ್ಕೆ ಸವೆದಿಲ್ಲ ಇದು. ಅಲ್ಲೇ ಇದ್ದದ್ದಕ್ಕೆ ಸವೆದಿದೆ."

ಡ್ರೈವರ್ ಆ ಬಿಳಿಯ ಚುಕ್ಕೆಯನ್ನು ಉಗುರಿನಿಂದ ಮುಟ್ಟಿ ನೋಡಿದ. "ನೀವು ಓಡಿಸಿದಾಗ ಯಾಕೆ ಬರಲಿಲ್ಲ?"

"ನಾನು ಓಡಿಸಿದ್ದು ಬೇಗ ಮುಗಿಸೋದಕ್ಕೆ. ಬೆರಳು ಈ ಜಾಗವನ್ನ ಹಾರಿಕೊಂಡು ಹೋಗಿಬಿಡ್ತು. ಸ್ಕ್ಯಾನರ್ರೂ ಅಷ್ಟೇ. ಗಳಿಗೆಗೊಂದು ಸಲ ಇಣುಕಿ ನೋಡ್ತದೆ. ಅದು ಇಣುಕೋ ಹೊತ್ತಿಗೆ ಇದು ಎದ್ದು ಸರಿಯಾಗಿ ಕೂತಿರ್ತದೆ." ಮೆಕ್ಯಾನಿಕ್ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿ ಕೇಳಿದ: "ಅವತ್ತು ಎಂಜಿನ್ ಯಾಕೆ ಆಫ್ ಮಾಡಿದೆ?"

"ನಿಮ್ಮ ಹಿಮ್ಮಡಿ ಎದುರಿಗೇ ಇತ್ತಲ್ಲ."

"ಸಮಿತಿಯವರಿಗೆ ಹೆದರಿ?"

"ಅದೂ ಹೌದು ಅನ್ನಿ. ಆದರೆ ಅಣ್ಣ, ಗಾಡಿ ಸರಿ ಇದೆ ಅಂದ್ರಿ ನೀವು. ಕಾಲು ಸರಿ ಇದೆ ಅಂದ್ರು ಡಾಕ್ಟರು. ಎರಡೂ ಸರಿ ಇರೋದನ್ನ ನಂಬಿ ನಿಮ್ಮ ತಾಯೀನ ಹೆಂಗೆ ಕುಲುಕಿಸಲಿ?"

ಮೆಕ್ಯಾನಿಕ್ ಕೆಳಗಿಳಿದ. ಬಾನೆಟ್ಟಿನ ಕಡೆ ಹೋಗಿ ಹೊಸ ಸೆನ್ಸರ್ ಕೂರಿಸಿದ. ಅದು ಸಣ್ಣ ಕೆಲಸ. ಎರಡು ಸ್ಕ್ರೂ, ಒಂದು ಪ್ಲಗ್ಗು. ಆಮೇಲೆ ಪರೀಕ್ಷೆಗೆಂದು ಇಬ್ಬರೂ ಊರಿಗೆ ಒಂದು ಸುತ್ತು ಹಾಕಿದರು, ನಡಿಗೆಯ ವೇಗದಲ್ಲಿ. ಮುಳ್ಳು ಕದಲಲಿಲ್ಲ. ಸಾಕು ಎನ್ನಬಹುದಿತ್ತು. ಎರಡನೆಯ ಸುತ್ತು ಹೋದರು. ಡ್ರೈವರ್ ಮಾತಾಡತೊಡಗಿದ. ಯಾವ ಮನೆಯ ಮೆಟ್ಟಿಲು ಕಡಿದು, ಹೆಣ ಇಳಿಸುವಾಗ ಎಲ್ಲಿ ಹುಷಾರಾಗಿರಬೇಕು. ಯಾವ ಓಣಿಯಲ್ಲಿ ಕರೆಂಟಿನ ವೈರು ಜೋತುಬಿದ್ದಿದೆ. ಯಾವ ಮಗ ಬೇಗ ನಡೆದ, ಯಾವ ಮಗ ಹತ್ತು ಹೆಜ್ಜೆಗೊಮ್ಮೆ ನಿಂತ. ಊರಿನ ಪ್ರತಿಯೊಂದು ಮನೆಯ ದುಃಖದ ವೇಗ ಅವನಿಗೆ ಕಾಲಿನಲ್ಲಿ ನೆನಪಿತ್ತು. "ನಾನು ಹೆಂಗೆ ನಡೆದೆ?" ಎಂದು ಮೆಕ್ಯಾನಿಕ್ ಕೇಳಿದ. "ನೀವು ಕಿವಿ ಹಿಂದಕ್ಕಿಟ್ಟು ನಡೆದಿರಿ," ಎಂದ ಡ್ರೈವರ್. ಇಬ್ಬರೂ ನಕ್ಕರು. ಆ ವ್ಯಾನಿನ ಮುಂದಿನ ಸೀಟುಗಳಲ್ಲಿ ನಗು ಕೇಳಿ ರಸ್ತೆಯ ಬದಿಯಲ್ಲಿದ್ದ ಒಬ್ಬಳು ಮಗುವನ್ನು ಒಳಗೆ ಕರೆದುಕೊಂಡಳು. ಮೂರನೆಯ ಸುತ್ತು ಯಾಕೆ ಹೋದರೋ ಇಬ್ಬರೂ ಹೇಳಲಿಲ್ಲ.

ಐದನೆಯ ದಿನಕ್ಕೆ ಊರಿನಲ್ಲಿ ಮತ್ತೊಂದು ಸಾವಾಯಿತು. ವ್ಯಾನು ಬೆಂಕಿ ಹಿಡಿದವನ ಹಿಂದೆ ನೀರಿನ ಮೇಲೆ ಹೋದಂತೆ ಹೋಯಿತು. ಹಾರದ ಒಂದು ಎಸಳೂ ಉದುರಲಿಲ್ಲ. ಸಮಿತಿಯ ಕಾರ್ಯದರ್ಶಿ ಡ್ರೈವರನ ಬೆನ್ನು ತಟ್ಟಲು ಕೈ ಎತ್ತಿ, ನೆನಪಾಗಿ, ಕೈಯನ್ನು ಗಾಳಿಯಲ್ಲೇ ಆಡಿಸಿದ. "ನೋಡಿದ್ಯಾ, ಕುಂಬಳಕಾಯಿ ಒಡೆಸಿದ್ದು ಫಲ ಕೊಡ್ತು. ಕೀ ನಿನ್ನ ಹತ್ರಾನೇ ಇರಲಿ," ಎಂದ. ಕೆಲಸ ಉಳಿಯಿತು.

ಮೇಸ್ತ್ರಿ ಕತೆಯನ್ನು ಅಲ್ಲಿಗೆ ಮುಗಿಸಿದರು.

ಚಂದ್ರಕಲಾ ಕೈಯಲ್ಲಿದ್ದ ಕೀಯನ್ನು ನೋಡಿದಳು. ಎದುರಿನ ಹೋಟೆಲಿನಲ್ಲಿ ಕಾರಿನ ಯಜಮಾನರು ಖಾಲಿ ಲೋಟದ ಮುಂದೆ ಇನ್ನೂ ಕೂತೇ ಇದ್ದರು.

"ಅವರು ದಿನಾ ಎಲ್ಲಿಗೆ ಹೋಗ್ತಾರೆ, ಯಾವ ಸ್ಪೀಡಲ್ಲಿ ಹೋಗ್ತಾರೆ ಅಂತ ನಾನು ಕೇಳಲೇ ಇಲ್ಲ," ಎಂದಳು. "ಮುಳ್ಳಿನ ಮೀಟರ್ ಎಲ್ಲಿದೆ ಮೇಸ್ತ್ರಿ? ನಾನು ಅವರ ಜೊತೆ ಕೂತು ಹೋಗಿ ಬರ್ತೀನಿ."

"ಬೀರುವಿನ ಕೆಳಗಿದೆ. ತಗೋ."

ಅವಳು ಮೀಟರನ್ನು ತೆಗೆದು ಧೂಳು ಒರೆಸಿದಳು. ಉತ್ತರ ಸಿಕ್ಕವರ ಮುಖ ಅವಳದಾಗಿತ್ತು. ಬಾಗಿಲವರೆಗೆ ಹೋದವಳು ಏನೋ ನೆನಪಾದಂತೆ ತಿರುಗಿ ನಿಂತಳು.

"ಅಂದಹಾಗೆ, ಸೂತಕ ಕಳೆದ ಮೇಲೆ ಆ ಮೆಕ್ಯಾನಿಕ್ ಮತ್ತೆ ಆ ಸೀಟಿನಲ್ಲಿ ಕೂತನಾ, ಮೇಸ್ತ್ರಿ?"

"ಗಾಡಿ ಸರಿಹೋಯಿತಲ್ಲವ್ವ, ಇನ್ನು ಯಾಕೆ ಕೂರುತ್ತಾನೆ?"